ಅತ್ತೆಯ ಉಡಿಗೆ ಬಿದ್ದ ಕೂದಲು

…ಅಥವಾ ಆ ವಾಸನೆಯನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ಮೊನ್ನೆ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಒಂದು ಬ್ಯೂಟಿ ಪಾರ್ಲರಿನ ಬಾಗಿಲು ತೆರೆದುಕೊಂಡಿತು. ಒಳಗಿನಿಂದ ಕೊಳೆತ ಮೊಟ್ಟೆಯಂಥ ಘಾಟು ಬಂದು ಮೂಗಿಗೆ ಬಡಿಯಿತು. ನನ್ನ ಬಲಗಿವಿಯ ಹಿಂದೆ ಹುಣಸೆ ಬೀಜದಷ್ಟು ಜಾಗದಲ್ಲಿ ಕೂದಲಿಲ್ಲ, ಅಲ್ಲಿ ಚುರುಗುಟ್ಟಿತು. ಮುಟ್ಟಿದರೆ ಏನೂ ತಿಳಿಯದ ಜಾಗ ಅದು. ನೆನಪನ್ನು ನಂಬದಿರಲು ನನಗೆ ಇಷ್ಟು ಸಾಕು. ಆದರೆ ಸೋದರತ್ತೆಯ ಮೇಲಿನ ಸಿಟ್ಟನ್ನು ನಂಬುತ್ತೇನೆ.

ಆಕೆ ಅಪ್ಪನ ಅಕ್ಕ. ಮಾನ್ವಿಯಲ್ಲಿ ಅಕ್ಕಿ ಗಿರಣಿಯ ಮನೆ. ಮೊಣಕಾಲು ನೋವು, ಮನೆದೇವರ ಭಕ್ತಿ, ಎರಡೂ ಓಣಿಗೆಲ್ಲ ಕೇಳುವಂತಿದ್ದವು. ಎಂಬತ್ತರ ದಶಕದ ಮೊದಲಿಗೆ ಇರಬೇಕು, ಸಿರವಾರದ ವ್ಯಾಪಾರಿ ಮನೆಯ ಗಂಡೊಂದನ್ನು ನನಗೆ ಗೊತ್ತು ಮಾಡಲು ಹೊರಟಳು. ನನ್ನದು ಗುಂಗುರು ಕೂದಲು.

"ಇದು ತಲಿ ಏನಬೇ, ಜಾಲಿ ಕಂಟಿ ಏನು? ಆ ಮನಿಯವರು ನೋಡಿದ್ರ ಚಹಾನೂ ಕುಡಿಯಂಗಿಲ್ಲ."

ಬಸ್ಸು ಹತ್ತಿಸಿ ರಾಯಚೂರಿಗೆ ಕರೆದೊಯ್ದಳು. ಹೈದರಾಬಾದಿನಲ್ಲಿ ಕಲಿತು ಬಂದ ಹೆಂಗಸೊಬ್ಬಳು ಮಹಡಿಯ ಕೋಣೆಯಲ್ಲಿ ಕೂದಲು ನೆಟ್ಟಗೆ ಮಾಡುತ್ತಿದ್ದಳು. ಅದೇ ಕೊಳೆತ ಮೊಟ್ಟೆಯ ಘಾಟಿನ ಬಿಳಿ ಮುಲಾಮು ಬುಡದವರೆಗೂ ಬಳಿದಳು.

"ಅತ್ತಿ, ಉರಿಯಾಕತ್ತದ!"

"ಉರದ್ರ ಉರೀಲಿ. ಲಗ್ನ ಆಗಾಕಿ ನೀನೋ ನಾನೋ?"

ಆಕೆ ನನ್ನ ಎರಡೂ ಕೈ ಹಿಡಿದಿದ್ದಳು. ಸಮಾಧಾನ ಮಾಡಲು ಎಂದು ಒಮ್ಮೆ ನೆನಪಾಗುತ್ತದೆ. ನಾನು ಏಳದಿರಲಿ ಎಂದು ಮತ್ತೊಮ್ಮೆ. ಎರಡನೆಯದನ್ನೇ ನಾನು ಇಟ್ಟುಕೊಂಡಿದ್ದೇನೆ.

ಹೆಣ್ಣು ನೋಡಲು ಬಂದಾಗ ಗಂಡಿನ ತಾಯಿ, ಚೌರಿ ಸೇರಿಸಿಲ್ಲ ತಾನೆ ಎಂದು ಜಡೆ ಬಿಚ್ಚಿ ನೋಡಿದಳು. ಕೂದಲು ರೇಷ್ಮೆಯಂತೆ ಜಾರಿತು. ಕಿವಿಯ ಹಿಂದೆ ಮುಲಾಮು ಸುಟ್ಟ ಗಾಯದ ಮೇಲೆ ಅತ್ತೆ ಅಬ್ಬಲಿಗೆ ದಂಡೆ ಮುಡಿಸಿದ್ದಳು. ಒಪ್ಪಿಗೆಯಾಯಿತು. ಅಷ್ಟರಲ್ಲಿ ಆ ಮನೆಯ ಹಿರಿಯರೊಬ್ಬರು ತೀರಿಕೊಂಡು ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಆ ವರ್ಷವೆಲ್ಲ ನನ್ನ ಕೂದಲು ತನ್ನ ಪಾಡಿಗೆ ಬೆಳೆಯಿತು. ಬುಡದಲ್ಲಿ ಮತ್ತೆ ಗುಂಗುರು, ಕೆಳಗೆ ಸತ್ತ ಹುಲ್ಲಿನಂಥ ನೆಟ್ಟನೆಯ ಎಳೆ. ಬುಡದಲ್ಲಿ ನಾನು, ತುದಿಯಲ್ಲಿ ಅತ್ತೆ.

ಮದುವೆಯ ಮುಹೂರ್ತ ಗೊತ್ತು ಮಾಡಲು ಗಂಡಿನ ತಾಯಿ ಮಾನ್ವಿಗೆ ಬಂದ ದಿನ ಅತ್ತೆ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ, "ನಾಳೆ ಮತ್ತ ರಾಯಚೂರಿಗೆ ಹೋಗಬೇಕು" ಎಂದಳು. ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬಂದು ಎಲ್ಲರೆದುರು ಹೇಳಿದೆ:

"ಅತ್ತಿ ಮೊಣಕಾಲು ನೆಟ್ಟಗಾಗ್ಲಿ ಅಂತ ಮನಿ ದೇವರಿಗೆ ಮುಡಿ ಬೇಡಿಕೊಂಡೀನ್ರಿ. ಲಗ್ನಕ್ಕ ಮೊದ್ಲು ಕೊಡಬೇಕು."

"ಯಾವಾಗ ಬೇಡಿಕೊಂಡ್ಯಬೇ?" ಅತ್ತೆಯ ದನಿ ಸಣ್ಣಗಾಗಿತ್ತು.

"ರಾಯಚೂರಾಗ. ನೀನು ಕೈ ಹಿಡಕೊಂಡಿದ್ದಿ ನೋಡು, ಆವಾಗ."

ಶುದ್ಧ ಸುಳ್ಳು. ಆದರೆ ತನ್ನ ಕಾಲಿಗಾಗಿ ಹೊತ್ತ ಹರಕೆಯನ್ನು ಬೇಡ ಅನ್ನುವ ಧೈರ್ಯ ಆಕೆಗಿರಲಿಲ್ಲ.

ದೇವದುರ್ಗ ದಾಟಿ ಒಳಗಿನ ಹಳ್ಳಿಯಲ್ಲಿ ನಮ್ಮ ಮನೆದೇವರ ಗುಡಿ. ಮಗುವಿನ ಜವಳ ತೆಗೆಯುವಾಗ ಕೂದಲು ನೆಲಕ್ಕೆ ಬೀಳದಂತೆ ಸೋದರತ್ತೆ ತನ್ನ ಉಡಿಯಲ್ಲಿ ಹಿಡಿಯಬೇಕು. ಅದು ನಮ್ಮ ಮನೆಯ ಪದ್ಧತಿ. ನನ್ನ ಹುಟ್ಟುಗೂದಲನ್ನೂ ಆಕೆಯೇ ಹಿಡಿದಿದ್ದಳಂತೆ. ಈಗಲೂ ಹಾಗೇ ಆಗಬೇಕೆಂದು ಹಟ ಹಿಡಿದೆ. ಆಕೆ ಕಲ್ಲಿನ ಮೇಲೆ ಮೊಣಕಾಲು ಮಡಚಿ ನರಳುತ್ತ ಕೂತಳು, ಸೆರಗು ಒಡ್ಡಿದಳು. ಕತ್ತಿ ಆಡಿದಂತೆ ಅರ್ಧ ಗುಂಗುರು, ಅರ್ಧ ನೆಟ್ಟಗಿನ ಕೂದಲು ಆಕೆಯ ಉಡಿ ತುಂಬಿತು. ನನಗೆ ಹಿತವಾಯಿತು. ನೆನೆಸಿಕೊಂಡರೆ ಇವತ್ತಿಗೂ ಹಿತವಾಗುತ್ತದೆ.

ಬೋಳು ತಲೆಗೆ ಗಂಧ ಹಚ್ಚುವಾಗ ಆಕೆಯ ಬೆರಳು ಕಿವಿಯ ಹಿಂದೆ ನಿಂತಿತು. "ಇದು ಇನ್ನಾ ಮಾಯ್ದಿಲ್ಲೇನು?" ಎಂದಳು.

ಸಿರವಾರದವರು ಸಂಬಂಧ ಮುರಿದರು. ನನಗೆ ಬೇಕಾದದ್ದೂ ಅದೇ. ಅತ್ತೆ ಬೈಯಲಿ ಎಂದು ಕಾದೆ, ಉತ್ತರ ಸಿದ್ಧವಿತ್ತು. ಆಕೆ ಬೈಯಲಿಲ್ಲ. ಅವತ್ತು ಗುಡಿಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಇಳಿದಿದ್ದಳು. ಮಾನ್ವಿಗೆ ಬಂದವಳೇ ಮನೆಮನೆಗೂ ನಡೆದುಕೊಂಡು ಹೋಗಿ, "ನಮ್ಮ ಹುಡುಗಿ ಮುಡಿ ಕೊಟ್ಲು, ನನ್ನ ಕಾಲು ನೆಟ್ಟಗಾದ್ವು ನೋಡ್ರಿ" ಎಂದು ಸಾರಿದಳು. ಹೆಂಗಸರು ಬಂದು ನನ್ನ ಬೋಳು ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ನನ್ನ ಸೇಡನ್ನು ಪವಾಡ ಮಾಡಿಬಿಟ್ಟಳು! ಮತ್ತೆ ಗುಂಗುರು ಮೂಡಿದಾಗ, "ಅದು ದೇವರು ಕೊಟ್ಟ ಕೂದ್ಲ, ಯಾರೂ ಏನೂ ಅನಬ್ಯಾಡ್ರಿ" ಎಂದಳು. ಆಮೇಲೆ ಯಾರೂ ಜಾಲಿ ಕಂಟಿ ಅನ್ನಲಿಲ್ಲ. ನಾನು ಗೆದ್ದದ್ದನ್ನೂ ಆಕೆ ನನಗೆ ಉಳಿಸಲಿಲ್ಲ.

ಈಗ ನನ್ನ ಗುಂಗುರು ಬೆಳ್ಳಗಾಗಿದೆ. ಜಗಳಾಡಲು ಆಕೆ ಇಲ್ಲ. ಅದೊಂದು ಕೊರತೆ, ಒಪ್ಪುತ್ತೇನೆ. ಅತ್ತೆ ಮನೆಯೊಳಗೆ ಗೋಡೆ ಹಿಡಿದೇ ನಡೆಯುತ್ತಿದ್ದಳು ಎಂದು ಆಕೆಯ ಸೊಸೆ ಹೇಳುತ್ತಾಳೆ. ಯಾವಾಗಿನಿಂದ ಎಂದರೆ ನೆನಪಿಲ್ಲ ಎನ್ನುತ್ತಾಳೆ. ಅವತ್ತು ಗುಡಿಯ ಮೆಟ್ಟಿಲು ಇಳಿಯುವಾಗ ಆಕೆಯ ಕಾಲು ನೋಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.