ಕೇಕಿನ ಮೇಲೆ ಬರೆಸಿದ ಹೆಸರು

ಮಲಾಜ್ ಬಡಾವಣೆಯ ಬೇಕರಿಗಳ ಮುಂದೆ ವೆನಿಲ್ಲಾ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಬಾಯಲ್ಲಿ ನೀರೂರುತ್ತದೆ, ಜೊತೆಗೆ ನಾಚಿಕೆಯೂ ಆಗುತ್ತದೆ. ಎರಡೂ ಒಟ್ಟಿಗೆ ಹೇಗೆ ಅಂತೀರಾ? ಬನ್ನಿ, ನಡೆಯುತ್ತಾ ಹೇಳುತ್ತೇನೆ. ರಿಯಾದಿನ ಈ ಬಿಸಿಲಲ್ಲಿ ನನ್ನ ಜೊತೆ ನಡೆಯುವವರು ನೀವೊಬ್ಬರೇ.

ಮದುವೆಗೆ ಮುಂಚೆ ಇಲ್ಲೇ ಒಂದು ಫ್ಲ್ಯಾಟಿನಲ್ಲಿ ಕರಾವಳಿಯ ಗೆಳೆಯರ ಜೊತೆ ಇದ್ದೆ. ಮೈಸೂರಿನವನು ನಾನೊಬ್ಬನೇ. ಅಡಿಗೆಮನೆಯ ಸರ್ವಾಧಿಕಾರ ಉಪ್ಪಿನಂಗಡಿಯ ಮೊಯ್ದೀನ್ ಅವರದು. ನಮ್ಮೆಲ್ಲರ ಬಾಯಲ್ಲಿ ಅವರು ‘ಮೋನಾಕ’. ಪಾತ್ರೆ ತೊಳೆಯದೆ ಮಲಗುವಂತಿಲ್ಲ. ತಟ್ಟೆಯಲ್ಲಿ ಅನ್ನ ಬಿಟ್ಟವನಿಗೆ ಮರುದಿನ ಅದೇ ಅನ್ನ, ಒಗ್ಗರಣೆಯೂ ಇಲ್ಲದೆ. ಬಾಗಿಲಿಗಡ್ಡ ಬಿದ್ದಿದ್ದ ನನ್ನ ಚಪ್ಪಲಿಯನ್ನು ಒಮ್ಮೆ ನನ್ನ ದಿಂಬಿನ ಮೇಲಿಟ್ಟು, “ಎಂತ ಮಾರಾಯ, ಮೈಸೂರು ಅರಮನೆಯಲ್ಲಿ ಹೀಗಾ ಬಿಡುವುದು?” ಅಂದಿದ್ದರು.

ಇಂಥವರಿಗೆ ನಮ್ಮ ಕಡೆ ಯಾವ ಅಡ್ಡಹೆಸರು ಬೀಳುತ್ತದೆ ಅಂತ ನಿಮಗೆ ಗೊತ್ತು. ಹೆಡ್ ಮಾಸ್ತರಿಗೆ, ಹಾಸ್ಟೆಲ್ ವಾರ್ಡನ್ನಿಗೆ, ಸೋದರಮಾವನಿಗೆ, ಎಲ್ಲರಿಗೂ ಜರ್ಮನಿಯ ಆ ಚೋಟು ಮೀಸೆಯವನ ಹೆಸರೇ. ಮೋನಾಕರಿಗೂ ಅದೇ ಅಂಟಿತು. ಅವರಿಗೋ ಹೆಮ್ಮೆ! “ಡಿಸಿಪ್ಲಿನ್ ಇದ್ದ ಜನ ಅಲ್ವಾ ಅವ?” ಅಂತ ಎದೆ ಸೆಟೆಸುತ್ತಿದ್ದರು.

ಅವರು ಹುಟ್ಟಿದ ದಿನ ಯಾವುದೆಂದು ಹೆತ್ತ ತಾಯಿಗೇ ಖಾತ್ರಿಯಿರಲಿಲ್ಲ. ನಾವು ಇಕಾಮಾ ಅನ್ನುವ ವಾಸದ ಪರವಾನಗಿ ಕಾರ್ಡಿನ ತಾರೀಕನ್ನೇ ನಂಬಿ ಕೇಕ್ ತರಿಸಿದೆವು. ಆರ್ಡರ್ ಕೊಟ್ಟವನು ನಾನೇ. ಮೇಲೆ ಬರೆಯಬೇಕಾದ ಅಡ್ಡಹೆಸರು ಕೇಳಿ ಬೇಕರಿಯವನು ನನ್ನ ಮುಖ ನೋಡಿದ. “ಬರಿ, ಯಲ್ಲಾ, ಬೇಗ!” ಅಂದೆ, ಮಹಾ ಜಾಣನಂತೆ.

ಕತ್ತರಿಸುವಾಗ ಊರಿಗೆ ವಿಡಿಯೋ ಕಾಲ್. ಅತ್ತ ಅವರ ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು ಶಾಹಿನಾ, ತಾಯಿಯ ಮಡಿಲಲ್ಲಿ ಪುಟ್ಟ ಮಗ ರಾಯಿಸ್. ಅವನಿಗೆ ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲ. ಮೋನಾಕ ಸೌದಿಯಲ್ಲಿ ಬೆವರು ಸುರಿಸುತ್ತಿದ್ದದ್ದೇ ಅವನ ಚಿಕಿತ್ಸೆಗೆ. ಕೇಕ್ ಕಂಡದ್ದೇ ಅವನು ಕಿಲಕಿಲ ನಕ್ಕು ಫೋನನ್ನೇ ನೆಕ್ಕಿದ. ಕೇಕಿನ ಮೇಲಿನ ಹೆಸರು ಓದಿದ ಶಾಹಿನಾ ಮಾತ್ರ ನಗಲಿಲ್ಲ.

“ಉಪ್ಪಾ, ನಮಗೆ ಇದರ ಪಾಠ ಉಂಟು. ಅವ ಯಹೂದಿಗಳನ್ನು ಮನೆಯಿಂದ ಎಳೆದು, ರೈಲಿಗೆ ತುಂಬಿಸಿ ಕೊಲ್ಲಿಸಿದವ. ಸಣ್ಣ ಮಕ್ಕಳನ್ನೂ. ಜಿಪ್ಸಿಗಳನ್ನೂ. ನಡೆಯಲಿಕ್ಕೆ ಆಗದ ಮಕ್ಕಳನ್ನೂ ಬಿಡಲಿಲ್ಲ ಅಂತ ಟೀಚರ್ ಹೇಳಿದ್ರು.” ಆಮೇಲೆ ಕೇಳಿದಳು: “ನಮ್ಮ ರಾಯಿಸ್‌ನನ್ನು ಬಿಡ್ತಿದ್ದನಾ ಅವ?”

ಮೋನಾಕರ ಕೈಯಲ್ಲಿ ಚೂರಿ ಹಾಗೇ ನಿಂತಿತು. ನಾನು ಕರ್ಚೀಫು ತೆಗೆದು ಕೇಕ್ ಮುಚ್ಚಲು ಹೋದೆ. ನಮ್ಮ ಫ್ಲ್ಯಾಟಿನ ಕಾರ್ಕಳದ ಗಣೇಶ ನನಗಿಂತ ಚುರುಕು. ಬಂಗುಡೆ ಫ್ರೈಯ ತಟ್ಟೆಯನ್ನೇ ತಂದು ಹೆಸರಿನ ಮೇಲೆ ಕೂರಿಸಿಬಿಟ್ಟ! ಮೋನಾಕ ತಟ್ಟೆ ಎತ್ತಿದರು. ಒಂದು ಅಗುಳೂ ಪೋಲಾಗಲು ಬಿಡದ ಮನುಷ್ಯ, ಅಷ್ಟೂ ಅಕ್ಷರಗಳನ್ನು ಕ್ರೀಮಿನ ಸಮೇತ ಅಂಗೈಯಲ್ಲಿ ಕೆರೆದು ಕಸದ ಬುಟ್ಟಿಗೆ ಹಾಕಿದರು. ಕೈ ತೊಳೆದರು. ಮತ್ತೆ ತೊಳೆದರು.

“ಉಪ್ಪನಿಗೆ ಗೊತ್ತಿರಲಿಲ್ಲ ಮಗಾ,” ಅಂದರು. “ತಮ್ಮನಿಗೆ ಫೋನ್ ಕೊಡು, ಅವನನ್ನೊಮ್ಮೆ ನೋಡ್ತೇನೆ.”

ಆಮೇಲೆ ನಮ್ಮ ಕಡೆ ತಿರುಗಿ, “ಇನ್ನು ಆ ಹೆಸರು ಹೇಳಿದವನಿಗೆ ಊಟ ಇಲ್ಲ” ಅಂದರು. ಬಂಗುಡೆ ವಾಸನೆಯ ಆ ಕೇಕನ್ನು ನಾವು ಚೂರೂ ಬಿಡದೆ ತಿಂದೆವು; ಬಿಟ್ಟರೆ ಬೆಳಿಗ್ಗೆ ಅದೇ ಸಿಗುತ್ತದಲ್ಲ! ಬಾಯಿ ಅಷ್ಟು ಬೇಗ ತಿದ್ದಿಕೊಳ್ಳುತ್ತದೆಯೇ? ಆ ವಾರವೇ ನಾಲಿಗೆ ಜಾರಿ ಬರೀ ಖುಬ್ಬೂಸ್ ರೊಟ್ಟಿ ಅಗಿದು ಮಲಗಿದವನೂ ನಾನೇ.

ಮೊನ್ನೆ ನಮ್ಮ ಆಫೀಸಿಗೆ ಹೊಸ ಮ್ಯಾನೇಜರ್ ಬಂದರು, ಮಹಾ ಶಿಸ್ತಿನವರು. ಟೀ ಹೊತ್ತಿನಲ್ಲಿ ಬೆಂಗಳೂರಿನ ಗೆಳೆಯನೊಬ್ಬ ಅವರಿಗೆ ಅದೇ ಹೆಸರಿಟ್ಟ. ಎಲ್ಲರೂ ನಕ್ಕರು. ಎಂಥ ಸಪ್ಪೆ ಜೋಕಿಗೂ ಮೊದಲು ನಗುವವನು ನಾನು; ಅವತ್ತು ನಗಲಿಲ್ಲ.

“ಬೇಡ ಮಾರಾಯ,” ಅಂದೆ. “ಅವನ ಕೈಗೆ ಸಿಕ್ಕಿದ್ದರೆ ನಮ್ಮ ರಾಯಿಸ್ ಉಳಿಯುತ್ತಿರಲಿಲ್ಲ.”

“ರಾಯಿಸ್ ಯಾರು ಸಾರ್?”

“ನಮ್ಮನೆ ಹುಡುಗ,” ಅಂದೆ.