ವಿಭೂತಿ ಹಚ್ಚಿಸಿಕೊಂಡ ಪೆಟ್ಟಿಗೆ

ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಸೊಸೆಯಾಗಿ ಬಂದ ಈ ಜಗಳೂರಿನ ಮೇಲೆ ನನಗೆ ಹೇಸಿಗೆ ಹುಟ್ಟುತ್ತದೆ. ಕಣ ಮಾಡುವ ಗೋಜು ಯಾರಿಗೂ ಬೇಡ, ನಮ್ಮ ಮನೆ ಮುಂದಿನ ಡಾಂಬರು ರಸ್ತೆಯೇ ಎಲ್ಲರ ಕಣ. ತೆನೆ ಬಿಡಿಸುವ ಮಿಷನ್ನು ನಮ್ಮ ಬಾಗಿಲಿಗೆ ಬಾಯಿ ಮಾಡಿ ನಿಂತಿತೋ, ಅದರ ಸುಂಕು, ಮೈ ನವೆಯಾಗಿಸುವ ಆ ಹೊಟ್ಟಿನ ಧೂಳು, ಮೂಗಿನಲ್ಲಿ, ಹಾಸಿಗೆಯಲ್ಲಿ, ಮುಚ್ಚಿಟ್ಟ ಮಜ್ಜಿಗೆಯಲ್ಲಿ. ಸ್ವಲ್ಪ ಆಚೆ ನಿಲ್ಲಿಸಿ ಎಂದು ಮಿಷನ್ನು ತರಿಸುವ ಪಕ್ಕದ ಮನೆಯ ದಲ್ಲಾಳಿಗೆ ಹೇಳಿದ್ದಕ್ಕೆ, ಧೂಳಿಗೆ ಹೆದರುವವರು ಊರಲ್ಲಿ ಯಾಕಿರಬೇಕು ಎಂದು ಹಲ್ಲು ಕಿರಿದ. ಆ ಹಲ್ಲಿನ ಸಂದಿಯಲ್ಲೂ ಸುಂಕಿತ್ತು.

ನನ್ನ ಅತ್ತೆಗೆ ದಮ್ಮು. ಅವರಿಗಾಗಿಯೇ ಗಾಳಿ ಸೋಸುವ ಪೆಟ್ಟಿಗೆ ಮಾಡಿದೆ: ಪ್ಲೈವುಡ್ಡು, ಅಡುಗೆಮನೆಯ ಹಳೇ ಫ್ಯಾನು, ಕಾರಿನ ಎಸಿ ಫಿಲ್ಟರು. ಮೊದಲು ಟೈಮರ್ ಹಾಕಿದ್ದೆ. ಕರೆಂಟು ಹೋಗಿ ಬಂದರೆ ಅದರ ಗಡಿಯಾರ ತಪ್ಪುತ್ತಿತ್ತು, ಮಿಷನ್ನಿಗಂತೂ ಹೊತ್ತುಗೊತ್ತಿಲ್ಲ. ಆಮೇಲೆ ಧೂಳು ಗುರುತಿಸುವ ಸೆನ್ಸರ್ ತರಿಸಿದೆ. ಪೆಟ್ಟಿಗೆಯ ಮುಂಭಾಗದ ಸಣ್ಣ ತೂತಿನಿಂದ ಧೂಳು ಒಳಹೋದರೆ ಕೆಂಪು ದೀಪ ಹತ್ತಿ ಫ್ಯಾನು ತಾನೇ ಓಡುತ್ತದೆ. ಗಾಳಿ ಚೊಕ್ಕವಾದರೆ ಹಸಿರು ದೀಪ. ಫಿಲ್ಟರ್ ಬಿಚ್ಚಿದಾಗಲೆಲ್ಲ ಸತ್ತ ಇಲಿಯ ಚರ್ಮದಂಥ ಕೊಳೆ. ಇದು ಅತ್ತೆಯ ಎದೆಗೆ ಹೋಗುತ್ತಿತ್ತಲ್ಲ ಎಂದುಕೊಂಡೇ ಅದನ್ನು ತಿಪ್ಪೆಗೆ ಕೊಡವುತ್ತಿದ್ದೆ.

ಕೋಳಿಗೂಡು ಎಂದು ಮೂಗು ಮುರಿದಿದ್ದ ಅತ್ತೆ, ನಾಲ್ಕು ದಿನ ನೆಮ್ಮದಿಯಾಗಿ ಉಸಿರಾಡಿದ ಮೇಲೆ ಅದರ ಭಕ್ತೆಯಾದರು. ಕೆಂಪು ಬಂದರೆ ಮೂಗಿಗೆ ಸೆರಗು, ಹಸಿರು ಬಂದರೆ ನಿರಾಳ. ಆಯುಧಪೂಜೆಯ ದಿನ ಕುಡುಗೋಲು, ಈಳಿಗೆಮಣೆ, ಮಿಕ್ಸಿಯ ಸಾಲಿನಲ್ಲಿ ಪೆಟ್ಟಿಗೆಗೂ ಜಾಗ ಸಿಕ್ಕಿತು. ಅಲ್ಲಿಂದ ಮುಂದೆ ಪ್ರತಿ ಸೋಮವಾರ ಅದಕ್ಕೂ ಪೂಜೆ. ನಾನು ನಕ್ಕು ನನ್ನ ಕೆಲಸಕ್ಕೆ ಹೋದೆ.

ಒಂದು ಸೋಮವಾರ ಪೇಟೆಯಿಂದ ಬಂದೆ. ಹೊರಗೆ ಮಿಷನ್ ಅಬ್ಬರಿಸುತ್ತಿತ್ತು, ನಡುಮನೆಯ ತುಂಬ ಸುಂಕು, ಪೆಟ್ಟಿಗೆಯಲ್ಲಿ ಮಾತ್ರ ತಣ್ಣಗೆ ಹಸಿರು ದೀಪ. ಅತ್ತೆ ಮಂಚದ ಅಂಚು ಹಿಡಿದು ಕೂತಿದ್ದರು, ಮಾತಾಡಲು ಉಸಿರಿರಲಿಲ್ಲ. ದಮ್ಮಿನ ಪಂಪು ಬಾಯಿಗಿಟ್ಟು ಒತ್ತಿದೆ. ಉಸಿರು ಹದಕ್ಕೆ ಬಂದ ಮೇಲೆ ಪೆಟ್ಟಿಗೆಯತ್ತ ತಿರುಗಿದೆ. ಅದರ ಹಣೆಗೆ ಮೂರು ಬೆರಳಿನ ವಿಭೂತಿ, ನಡುವಿನ ಪಟ್ಟೆ ಸರಿಯಾಗಿ ಸೆನ್ಸರಿನ ತೂತಿನ ಮೇಲೆ. ವಾರವಾರವೂ ಒದ್ದೆ ವಿಭೂತಿ ಮೆತ್ತಿ ತೂತು ಗಾರೆಯಂತೆ ಮುಚ್ಚಿಹೋಗಿತ್ತು. ಪಿನ್ನಿನಿಂದ ಕೆರೆದೆ. ಕೆಂಪು ಹತ್ತಿತು, ಫ್ಯಾನು ಓಡಿತು.

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಸಿಟ್ಟು ನೆತ್ತಿಗೇರಿ, ಇಷ್ಟು ಹೊತ್ತು ಯಾರನ್ನಾದರೂ ಕರೆಯಬಾರದಿತ್ತೇ ಎಂದು ಅತ್ತೆಯನ್ನೇ ಗದರಿದೆ.

"ಹಸಿರು ದೀಪ ಇತ್ತಲ್ಲವ್ವ," ಎಂದರು ಅವರು ನಿಧಾನಕ್ಕೆ. "ಗಾಳಿ ಚೆನ್ನಾಗೈತೆ, ನನಗೇ ಸುಮ್ನೆ ಹಂಗೆ ಅನ್ನಿಸ್ತೈತೆ ಅಂತ ತಡ್ಕೊಂಡು ಕುಂತಿದ್ದೆ."

ದಲ್ಲಾಳಿಯ ಮೇಲಾಗಲಿ ಸುಂಕಿನ ಮೇಲಾಗಲಿ ಬಾರದಷ್ಟು ಹೇಸಿಗೆ ನಾನೇ ಕೂರಿಸಿದ ಆ ಹಸಿರು ದೀಪದ ಮೇಲೆ ಬಂತು. ಅದನ್ನು ಕಿತ್ತೆಸೆದು, ಅತ್ತೆಯ ಕೈಗೆಟುಕುವಂತೆ ಮಂಚಕ್ಕೇ ಪೆಟ್ಟಿಗೆಯ ಫ್ಯಾನಿನದೊಂದು ಸ್ವಿಚ್ಚು ಜೋಡಿಸಿದೆ. ಈಗ ಎದೆ ಬಿಗಿದರೆ ಅವರು ಯಾವ ಬಣ್ಣವನ್ನೂ ಕೇಳದೆ ಅದನ್ನು ಒತ್ತುತ್ತಾರೆ. ಸ್ವಿಚ್ಚಿಗೂ ವಿಭೂತಿ ಬಿದ್ದಿದೆ. ಬೀಳಲಿ.