ಮಾಮಾನ ಅಳತೆಯ ಪಾನೇತರ್

ಇಂಗ್ಲೆಂಡಿನ ಲೆಸ್ಟರ್ ಊರಿನ ಬೆಲ್‌ಗ್ರೇವ್ ರಸ್ತೆಯಲ್ಲಿ ಬಸ್ಸು ಓಡಿಸುವ ಕಿರೀಟ್‌ಭಾಯಿ ಮಿಸ್ತ್ರಿಯವರಿಗೆ ಎರಡು ವಿಷಯದಲ್ಲಿ ಭಾರಿ ಜಂಬ. ಒಂದು, ಅವರ ಎತ್ತರ. ಬಾಗಿಲಿಗೆ ಹಣೆ ಬಡಿದುಕೊಂಡರೂ ಅದನ್ನು ಬಿರುದು ಬಂದವರ ಹಾಗೆ ಹೇಳಿಕೊಂಡು ತಿರುಗುವ ಆಸಾಮಿ. ಇನ್ನೊಂದು, ಅಕ್ಕನ ಮಗಳು ಹೇತ್ವಿಗೆ ತಾವೊಬ್ಬರೇ ಸೋದರಮಾವ ಎಂಬುದು. ಗುಜರಾತಿಗಳಾದ ನಮ್ಮಲ್ಲಿ ಮದುವಣಗಿತ್ತಿ ಉಡುವ ಪಾನೇತರ್, ಕೆಂಪು ಅಂಚಿನ ಆ ಬಿಳಿ ರೇಷ್ಮೆ ಸೀರೆ, ಸೋದರಮಾವನ ಕೈಯಿಂದಲೇ ಬರಬೇಕು. ಹೆತ್ತಪ್ಪ ಎಂಥ ಸಿರಿವಂತನಾದರೂ ಅದನ್ನು ತರುವ ಹಕ್ಕು ಅವನಿಗಿಲ್ಲ. ಹೇತ್ವಿ ತೊಟ್ಟಿಲಲ್ಲಿದ್ದಾಗಲೇ ಕಿರೀಟ್‌ಭಾಯಿ, "ಇವಳ ಪಾನೇತರ್ ನೋಡೋಕೆ ಊರಿಗೂರೇ ಬರಬೇಕು" ಎಂದು ಸಾರಿಬಿಟ್ಟಿದ್ದರು.

ಮದುವೆ ಗೊತ್ತಾದ ಮೇಲೆ ಅಕ್ಕ ಭಾನುಬೆನ್ ಫೋನ್ ಮಾಡಿದರು.

"ಕಿರೀಟ್, ಬೇಜಾರು ಮಾಡ್ಕೋಬೇಡಪ್ಪ. ಹೇತ್ವಿ ಪಾನೇತರ್ ಉಡಲ್ಲ ಅಂತಾಳೆ. ಲಂಡನ್ನಿಂದ ಅದೇನೋ ಲೆಹೆಂಗಾ ತರಿಸ್ತಾಳಂತೆ."

"ಯಾಕಂತೆ? ಮಾಮಾ ತರೋ ಸೀರೆ ಅಷ್ಟು ಹಗುರವಾಯ್ತಾ?"

"ಇಷ್ಟ ಇಲ್ಲ, ಅಷ್ಟೇ ಅಂತಾಳೆ. ಕೆದಕಿದ್ರೆ ಕೋಣೆ ಬಾಗಿಲು ಹಾಕ್ಕೋತಾಳೆ."

ಅವತ್ತು ಕಿರೀಟ್‌ಭಾಯಿ ಬ್ರೇಕ್ ಒತ್ತಿದ ರಭಸಕ್ಕೆ ಬಸ್ಸಿನಲ್ಲಿದ್ದ ಮುದುಕಿಯರೆಲ್ಲ ಶಾಪ ಹಾಕಿದರು. ಆದರೂ ಹಟ ಬಿಡುವ ಜಾತಿಯಲ್ಲ ಅವರು. ಸೀರೆಯನ್ನು ಕಣ್ಣಾರೆ ಕಂಡರೆ ಹುಡುಗಿ ಮನಸ್ಸು ಬದಲಾಯಿಸಿಯಾಳು ಎಂದುಕೊಂಡು, ರಜೆಯ ದಿನ ಒಬ್ಬರೇ ರಸೀಲಾಬೆನ್ನರ ಸೀರೆ ಅಂಗಡಿಗೆ ನುಗ್ಗಿದರು. ಆ ಅಂಗಡಿಯಲ್ಲಿ ಗಂಡಸರ ಜಾಗ ಬಾಗಿಲ ಪಕ್ಕದ ಕುರ್ಚಿ. ಕೆಲಸ, ಚೀಲ ಹೊರುವುದು. ಹೆಂಡತಿಯಿಲ್ಲದೆ ಒಂಟಿ ಗಂಡಸು ನೇರ ಸೀರೆ ಹರಡುವ ಗಾದಿಯ ಹತ್ತಿರ ಬಂದಿದ್ದು ಕಂಡು ರಸೀಲಾಬೆನ್ ಕನ್ನಡಕ ಮೇಲೇರಿಸಿದರು.

"ಭಾಭಿ ಎಲ್ಲಿ?"

"ಡ್ಯೂಟಿಲಿದಾಳೆ. ಪಾನೇತರ್ ನಾನೇ ಆರಿಸ್ತೀನಿ."

"ಅಬ್ಬಾ! ಹುಡುಗಿ ಹೇಗಿದಾಳೆ?"

"ನನ್ನಷ್ಟೇ ಎತ್ತರ. ಒಂದು ಬೆರಳು ಕಮ್ಮಿ ಇರಬಹುದು."

ರಸೀಲಾಬೆನ್ ಸೀರೆಗಳನ್ನು ತಮ್ಮ ಮೈಮೇಲೇ ಉಟ್ಟು ತೋರಿಸುವವರು. ಆದರೆ ಅವರು ನಿಂತರೆ ಕಿರೀಟ್‌ಭಾಯಿಯ ಮೊಣಕೈಗೆ ಬರುತ್ತಿದ್ದರು. "ನಾನು ಉಟ್ರೆ ಏನೂ ಗೊತ್ತಾಗಲ್ಲ. ನೀವೇ ನಿಂತ್ಕೊಳ್ಳಿ" ಎಂದವರೇ ಪ್ಯಾಂಟಿನ ಮೇಲೇ ನೆರಿಗೆ ಸಿಕ್ಕಿಸಿ, ಸೆರಗನ್ನು ಬಲಭುಜದಿಂದ ಮುಂದಕ್ಕೆ ಇಳಿಬಿಟ್ಟರು. ಹೊರಗೆ ದಟ್ಟಣೆಯಲ್ಲಿ ಒಂದು ಬಸ್ಸು ನಿಂತಿತ್ತು. ಅದರ ಚಾಲಕ ಗಾಜಿನಾಚೆ ಮೀಸೆಯ ಮದುವಣಗಿತ್ತಿಯನ್ನು ಕಂಡು ಹಾರ್ನ್ ಬಾರಿಸಿದ.

"ಏ ಕಿರೀಟ್! ವರ ಯಾರೋ?"

ಅಂಗಡಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿರೀಟ್‌ಭಾಯಿಯೂ ಮೀಸೆ ತಿರುವುತ್ತ ಕನ್ನಡಿಯತ್ತ ತಿರುಗಿದರು. ಅಲ್ಲಿಗೆ ಅವರ ನಗು ನಿಂತಿತು. ಸೀರೆ ಕಣಕಾಲಿನ ಮೇಲೇ ಮುಗಿದುಹೋಗಿತ್ತು.

"ಇದೇನು, ಇಷ್ಟೇನಾ?"

"ಎಲ್ಲ ಸೀರೆ ಅಗಲವೂ ಹೆಚ್ಚುಕಮ್ಮಿ ಇಷ್ಟೇ, ಕಿರೀಟ್‌ಭಾಯಿ. ನಿಮ್ಮೆತ್ತರದ ಹೆಣ್ಣುಮಕ್ಕಳ ಪಾಡು ಇದೇ."

ಆಗ ಅವರಿಗೆ ನೆನಪಾಯಿತು. ಹಿಂದೊಂದು ಮದುವೆಯಲ್ಲಿ ಹೇತ್ವಿ ಮೊದಲ ಸಲ ಸೀರೆ ಉಟ್ಟು ಬಂದಿದ್ದಳು. "ಹೊಳೆ ದಾಟೋಕೆ ಹೊರಟಿದೀಯೇನೇ?" ಎಂದು ಯಾವಳೋ ಅತ್ತೆ ಕೇಳಿದ್ದಳು. ಹುಡುಗಿ ಊಟಕ್ಕೂ ಏಳದೆ, ಕಾಲನ್ನು ಕುರ್ಚಿಯ ಕೆಳಗೆ ಅಡಗಿಸಿಕೊಂಡು ಕೂತಿದ್ದಳು. ಅಲ್ಲಿಗೆ ಹೋಗಿ ಇವರು ಅವಳ ಬೆನ್ನು ಚಪ್ಪರಿಸಿ, "ನೋಡ್ರೋ, ನಮ್ಮ ಕಡೆ ಎತ್ತರ!" ಎಂದು ಸಭೆಗೆಲ್ಲ ಕೇಳುವಂತೆ ಕೂಗಿದ್ದರು. ತಮ್ಮ ಹೆಮ್ಮೆಯನ್ನೇ ಆ ಮಗು ಇಷ್ಟು ವರ್ಷ ಅವಮಾನವೆಂದು ಹೊತ್ತಿದೆ ಎಂದು ಅವರಿಗೆ ಈಗ ತಿಳಿಯಿತು.

"ಬೆನ್, ಇದಕ್ಕೇನೂ ದಾರಿ ಇಲ್ವಾ?"

"ಇದೆ. ಸೊಂಟಕ್ಕೆ ಸಿಕ್ಕಿಸೋ ಕಡೆ ಇದೇ ಥರದ ಬಿಳಿ ರೇಷ್ಮೆ ಜೋಡಿಸಿ ಹೊಲಿದ್ರೆ ಸೀರೆ ಕೆಳಗಿಳಿಯುತ್ತೆ. ಹೊಲಿಗೆ ಒಳಗೇ ಅಡಗುತ್ತೆ. ಆದ್ರೆ ಸರಿಯಾದ ಅಳತೆ ಬೇಕು."

"ಅಳತೆ ನಿಮ್ಮೆದುರೇ ನಿಂತಿದೆಯಲ್ಲ. ತಗೊಳ್ಳಿ."

ಅಳತೆ ಮುಗಿಯುವ ತನಕ ಅವರು ಅಲುಗಲಿಲ್ಲ. ಹೆಂಗಸರು ಫೋನಿನಲ್ಲಿ ಫೋಟೊ ತೆಗೆದರು, ತೆಗೆಯಲಿ ಎಂದು ಬಿಟ್ಟರು.

ಸೀರೆ ಸಿದ್ಧವಾದ ಮೇಲೆ ಅಕ್ಕನ ಮನೆಗೆ ಒಯ್ದರು. ಹೇತ್ವಿ ಪೊಟ್ಟಣ ಕಂಡೇ ಮುಖ ಗಂಟಿಕ್ಕಿದಳು.

"ಮಾಮಾ, ಬೇಡ ಅಂತ ಹೇಳಿದ್ನಲ್ಲ."

"ಒಂದ್ಸಲ ಉಟ್ಟು ನೋಡು ಬೇಟಾ. ನೆಲ ಮುಟ್ಟಲಿಲ್ಲ ಅಂದ್ರೆ ನಾನೇ ವಾಪಸ್ ಒಯ್ತೀನಿ."

ಅವಳು ತಟ್ಟನೆ ತಲೆಯೆತ್ತಿದಳು. ತನ್ನ ಗುಟ್ಟು ಇವರಿಗೆ ಹೇಗೆ ಗೊತ್ತಾಯಿತು?

"ನನಗೇ ಉಡಿಸಿ ಅಳತೆ ತಗೊಂಡಿದಾರೆ. ಇಡೀ ಬೆಲ್‌ಗ್ರೇವ್ ರಸ್ತೆ ನೋಡಿ ನಕ್ಕಿದೆ. ಇನ್ನು ನಿನ್ನನ್ನ ನೋಡಿ ನಗೋಕೆ ಯಾರ ಹತ್ರಾನೂ ನಗು ಉಳಿದಿಲ್ಲ."

ಹೇತ್ವಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಉಟ್ಟು ಬಂದಾಗ ನೆರಿಗೆಗಳು ಕಾಲ್ಬೆರಳನ್ನೂ ಮುಚ್ಚಿದ್ದವು. ಲೆಹೆಂಗಾದ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಮದುವೆಯ ದಿನ ಸೋದರಮಾವನೇ ಅವಳ ಕೈಹಿಡಿದು ಮಂಟಪಕ್ಕೆ ಕರೆತಂದರು. ವರ ಮಿತೇನ್ ಅವಳಿಗಿಂತ ಗೇಣು ಕುಳ್ಳ, ಒಳ್ಳೆಯ ಹುಡುಗ. ಜೋಡಿಯನ್ನು ನಿಲ್ಲಿಸಿ ಫೋಟೊದವನು ತಲೆ ಕೆರೆದುಕೊಂಡ.

"ಮೇಡಂ, ಸ್ವಲ್ಪ ಮಂಡಿ ಬಗ್ಗಿಸಿ. ಸೀರೆ ಉದ್ದ ಇದೆ, ಯಾರಿಗೂ ಗೊತ್ತಾಗಲ್ಲ."

ಭಾನುಬೆನ್ ತಮ್ಮನ ಮುಖ ನೋಡಿದರು. ಕಿರೀಟ್‌ಭಾಯಿ ಹೇತ್ವಿಯತ್ತ ತಿರುಗಿದರು.

"ಬಗ್ಗಿಸಲ್ಲ," ಎಂದಳು ಹೇತ್ವಿ, ಸಭೆಗೆಲ್ಲ ಕೇಳುವಂತೆ. "ನಮ್ಮ ಮಾಮಾನ ಕಡೆಯವರು ಇರೋದೇ ಹೀಗೆ. ಇದ್ದ ಹಾಗೇ ತೆಗೀರಿ."

"ಹೌದು, ಹಾಗೇ ತೆಗೀರಿ," ಎಂದು ಮಿತೇನ್ ಅವಳನ್ನು ನೋಡಿ ಹಲ್ಲುಬಿಟ್ಟ.

ಬಾಯಿ ತೆರೆದರೆ ಜಂಬ ಕೊಚ್ಚುವ ಕಿರೀಟ್‌ಭಾಯಿ ಈ ಸಲ ಬಗ್ಗಿ ಅವಳ ನೆರಿಗೆ ಸರಿಪಡಿಸಿ, ಫೋಟೊದಿಂದಾಚೆ ಸರಿದು ನಿಂತರು.